ಆಷಾಢದಲ್ಲಿ ಬೆರಳ ಸಂದಿ ಬೇಯುತ್ತೆ, ಪುಷ್ಯದಲ್ಲಿ ಹಿಮ್ಮಡಿ ಸೀಳುತ್ತೆ: ಒಂದೇ ಕಾಲಿಗೆ ಎರಡು ರೋಗ ಯಾಕೆ?

ತೋಟದ ರೈಟ್ರು, ಮೂಡಿಗೆರೆ

ಚರ್ಮದ ವಿಚಾರ ಬಲ್ಲೋರು ಇಲ್ಲಿ ಇದೀರಿ ಅಂತ ಕೇಳ್ತಿದೀನಿ. ಮಳೆಗಾಲದಲ್ಲಿ ದಿನಾ ಎಂಟು ಗಂಟೆ ಗಂಬೂಟಿನೊಳಗಿರೋ ಕಾಲಿಗೆ ಬೆರಳ ಸಂದಿ ಬೆಳ್ಳಗೆ ಬೆಂದು, ಸಿಪ್ಪೆ ಎದ್ದು, ನಾರುತ್ತೆ. ಕಾಫಿ ಕುಯ್ಲಿನ ಹೊತ್ತಿಗೆ ಅದೇ ಕಾಲಿನ ಹಿಮ್ಮಡಿ ಬಾಯಿ ಬಿಟ್ಟು ರಕ್ತ ಬರುತ್ತೆ. ಕೂಲಿಯವರ ಲೈನ್ ಮನೆಗಳಲ್ಲಿ ಎರಡಕ್ಕೂ ಒಂದೇ ಟ್ಯೂಬು ಕೈಯಿಂದ ಕೈಗೆ ಓಡಾಡ್ತಿರುತ್ತೆ. ಒಂದೇ ಚರ್ಮ, ಆರು ತಿಂಗಳಲ್ಲಿ ಹೀಗೆ ತಲೆಕೆಳಗಾಗೋದು ಯಾಕೆ? ಮತ್ತೆ ಯಾವುದಕ್ಕೆ ಏನು ಹಚ್ಚಬೇಕು? "ಡಾಕ್ಟ್ರಿಗೆ ತೋರಿಸಿ" ಅನ್ನೋದು ಗೊತ್ತು, ಅದಕ್ಕೂ ಹಿಂದಿನ ಕಾರಣ ಬೇಕು.

ಬಯಾಲಜಿ ಮೇಷ್ಟ್ರು, ಹಾಸನ

ಕಾರಣ ಬೇಕು ಅಂದ್ರಲ್ಲ, ಹಾಗಾದ್ರೆ ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ದೊಡ್ಡವರ ಮೈಮೇಲೆ ಚರ್ಮ ಹರಡಿದರೆ ಒಂದೂವರೆಯಿಂದ ಎರಡು ಚದರ ಮೀಟರ್. ಮೂರು ಹಂತ: ಮೇಲೆ ಹೊರಚರ್ಮ, ಅದರಡಿ ಒಳಚರ್ಮ, ಅದರಡಿ ಕೊಬ್ಬಿನ ಹಾಸು. ಹೊರಚರ್ಮ ಕಣ್ಣಿನ ರೆಪ್ಪೆ ಮೇಲೆ 0.05 ಮಿ.ಮೀ. ಆಸುಪಾಸು, ಅಂಗಾಲಲ್ಲಿ 1.5 ಮಿ.ಮೀ. ಹತ್ತಿರ. ಮೂವತ್ತು ಪಟ್ಟು ವ್ಯತ್ಯಾಸ! ರಕ್ತನಾಳ ಇರೋದು ಒಳಚರ್ಮ ಮತ್ತು ಅದರಡಿಯ ಕೊಬ್ಬಿನಲ್ಲಿ; ಹೊರಚರ್ಮದಲ್ಲಿ ಒಂದೂ ಇಲ್ಲ, ಕೆಳಗಿನಿಂದ ಜಿನುಗಿ ಬಂದಿದ್ದನ್ನೇ ಉಂಡು ಬದುಕುತ್ತೆ. ಹಾಗಾಗಿ ಹಿಮ್ಮಡಿ ಬಿರುಕಿನಲ್ಲಿ ರಕ್ತ ಕಂಡಿತು ಅಂದ್ರೆ ಸೀಳು ಹೊರಚರ್ಮವನ್ನು ಪೂರ್ತಿ ದಾಟಿ ಒಳಚರ್ಮಕ್ಕೆ ಇಳಿದಿದೆ ಅಂತಲೇ ಅರ್ಥ. ಬರೀ ಬಿಳಿ ಗೆರೆಗಳಿದ್ದು ನೋವಿಲ್ಲ ಅಂದ್ರೆ ಇನ್ನೂ ಮೇಲೆಯೇ ಇದೆ.

ಹೊರಚರ್ಮದ ತಳದ ಸಾಲಿನಲ್ಲಿ ಜೀವಕೋಶಗಳು ಒಡೆದು ಹುಟ್ಟುತ್ತವೆ, ಮೇಲಕ್ಕೆ ತಳ್ಳಲ್ಪಡುತ್ತಾ ಚಪ್ಪಟೆಯಾಗುತ್ತವೆ, ಒಳಗೆಲ್ಲ ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನ್ ತುಂಬಿಕೊಳ್ಳುತ್ತವೆ, ಕೋಶಕೇಂದ್ರ ಕಳೆದುಕೊಂಡು ಸಾಯುತ್ತವೆ. ಈ ಸತ್ತ ಚಕ್ಕೆಗಳ ಹಾಸೇ ಕೊಂಬುಪದರ. ಮೈಮೇಲೆ ಬಹುತೇಕ ಕಡೆ ಹದಿನೈದಿಪ್ಪತ್ತು ಚಕ್ಕೆ ದಪ್ಪ, ಹಿಮ್ಮಡಿಯಲ್ಲಿ ಅದರ ಹಲವು ಪಟ್ಟು. ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರೋಕೆ ಸುಮಾರು ನಾಲ್ಕು ವಾರ, ವಯಸ್ಸಾದವರಲ್ಲಿ ಇನ್ನೂ ನಿಧಾನ.

ರೈಟ್ರ ಪ್ರಶ್ನೆಗೆ ಉತ್ತರ ಈ ಸತ್ತ ಪದರದಲ್ಲೇ ಇದೆ. ಇದನ್ನ ಇಟ್ಟಿಗೆ-ಗಾರೆ ಗೋಡೆಗೆ ಹೋಲಿಸೋದು ರೂಢಿ. ಚಕ್ಕೆ ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಆ ಗಾರೆಯಲ್ಲಿ ಅರ್ಧದಷ್ಟು ಸೆರಮೈಡ್ ಅನ್ನೋ ಜಿಡ್ಡು, ಕಾಲುಭಾಗ ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಬಿಡಿ ಕೊಬ್ಬಿನಾಮ್ಲ. ಒಳಗಿನ ನೀರು ಆವಿಯಾಗದ ಹಾಗೆ, ಹೊರಗಿನ ನೀರು ನುಗ್ಗದ ಹಾಗೆ ನೋಡಿಕೊಳ್ಳೋದು ಈ ಗಾರೆ. ಇಟ್ಟಿಗೆಯೊಳಗೂ ನೀರು ಹಿಡಿದಿಡೋ ಪದಾರ್ಥ ಇದೆ: ಫಿಲಾಗ್ರಿನ್ ಅನ್ನೋ ಪ್ರೋಟೀನ್ ಒಡೆದು ಬರೋ ಅಮೈನೋ ಆಮ್ಲಗಳು, ಜೊತೆಗೆ ಯೂರಿಯಾ, ಲ್ಯಾಕ್ಟೇಟ್.

ಈ ಪದರದ ಮೇಲ್ಮೈಯಲ್ಲಿ ನೂರಕ್ಕೆ ಹತ್ತಿಪ್ಪತ್ತು ಪಾಲು ನೀರಿದ್ದರೆ ಅದು ಬಾಗುತ್ತೆ. ಹತ್ತಕ್ಕಿಂತ ಕೆಳಗಿಳಿದರೆ ಒಣಗಿದ ಅಡಿಕೆ ಹಾಳೆ ತರಹ: ಬಾಗಿಸಿದರೆ ಲಟಕ್ ಅನ್ನುತ್ತೆ. ವಿಪರೀತ ನೀರು ಕುಡಿದರೆ ಇಟ್ಟಿಗೆ ಊದಿ ಗಾರೆಯ ಸಾಲು ಕಲಸಿಹೋಗುತ್ತೆ. ಆಷಾಢದ ರೋಗ ನೀರು ಹೆಚ್ಚಾಗಿ, ಪುಷ್ಯದ್ದು ನೀರು ಕಮ್ಮಿಯಾಗಿ. ಹಾಳಾಗೋದು ಮಾತ್ರ ಒಂದೇ ಗೋಡೆ.

ತೋಟದ ರೈಟ್ರು, ಮೂಡಿಗೆರೆ

ಹಾಳೆ ಹೋಲಿಕೆ ಸರಿಯಾಗಿ ಕೂತಿತು ಮೇಷ್ಟ್ರೇ. ಆದ್ರೆ ಕೈಕಾಲು ಪೂರ್ತಿ ಒದ್ದೆ ಆದ್ರೂ ಬೇಯೋದು ಬೆರಳ ಸಂದಿ ಮಾತ್ರ, ಒಡೆಯೋದು ಹಿಮ್ಮಡಿ ಮಾತ್ರ. ಅದ್ಯಾಕೆ?

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಒಂದೊಂದಾಗಿ ಹೇಳ್ತೀನಿ.

ಹಿಮ್ಮಡಿ: ಅಂಗೈ ಮತ್ತು ಅಂಗಾಲಿನಲ್ಲಿ ಕೂದಲೂ ಇಲ್ಲ, ಎಣ್ಣೆ ಗ್ರಂಥಿಯೂ ಇಲ್ಲ. ಬೆವರು ಗ್ರಂಥಿ ಮಾತ್ರ ಒಂದು ಚದರ ಸೆಂ.ಮೀ.ಗೆ ನೂರಾರು. ಮೈಯ ಬೇರೆ ಭಾಗಕ್ಕೆ ಸಿಗೋ ಮೈಜಿಡ್ಡು ಅಂಗಾಲಿಗೆ ಹುಟ್ಟಿನಿಂದಲೇ ಇಲ್ಲ. ಎರಡನೇದು ಭಾರ. ಹಿಮ್ಮಡಿಯಡಿ ಕೊಬ್ಬಿನ ದಿಂಬು ಇದೆ. ನಿಂತಾಗ ಅದು ಪಕ್ಕಕ್ಕೆ ಹರಡುತ್ತೆ. ಹಿಂದೆ ಪಟ್ಟಿ ಇಲ್ಲದ ಹವಾಯಿ ಚಪ್ಪಲಿಯಲ್ಲಿ, ಬರಿಗಾಲಲ್ಲಿ ಅದನ್ನ ಹಿಡಿದಿಡೋದು ಏನೂ ಇಲ್ಲ. ಅಂಚಿನಲ್ಲಿ ದಪ್ಪಗಟ್ಟಿದ ಒಣ ಕೊಂಬುಪದರ ಆ ಎಳೆತಕ್ಕೆ ಹಿಗ್ಗಲಾರದೆ ಮೇಲಿಂದ ಕೆಳಕ್ಕೆ ಸೀಳುತ್ತೆ. ಕುಯ್ಲಿನಲ್ಲಿ ದಿನವಿಡೀ ಇಳಿಜಾರಿನಲ್ಲಿ ನಿಂತು ಕೆಲಸ, ಮಧ್ಯಾಹ್ನದ ಒಣಗಾಳಿ, ಸಂಜೆ ಬಚ್ಚಲ ಹಂಡೆಯ ಕುದಿಕುದಿ ನೀರು, ಮೇಲೆ ಬಟ್ಟೆ ಸೋಪು. ಬಿಸಿನೀರು ಮತ್ತು ಸೋಪು ಸೇರಿ ಗಾರೆಯನ್ನೇ ತೊಳೆದುಬಿಡುತ್ತವೆ. ಚರ್ಮದ ಮೇಲ್ಮೈ ಪಿಎಚ್ 4.5ರಿಂದ 5.5, ಅಂದ್ರೆ ಸ್ವಲ್ಪ ಹುಳಿ. ಮಾಮೂಲಿ ಸೋಪು 9–10, ಅಂದ್ರೆ ಕ್ಷಾರ. ಆ ಹುಳಿ ವಾಪಸ್ ಬರೋಕೆ ಗಂಟೆಗಟ್ಟಲೆ ಬೇಕು.

ಬೆರಳ ಸಂದಿ: ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿಯೇ ಮೊದಲು ಕೆಡೋದು, ಯಾಕಂದ್ರೆ ಅದೇ ಎಲ್ಲಕ್ಕಿಂತ ಇಕ್ಕಟ್ಟು. ಗಾಳಿ ಆಡೋದಿಲ್ಲ. ಗಂಬೂಟು ಹೊರಗಿನ ಮಳೆ ತಡೆಯುತ್ತೆ ನಿಜ, ಒಳಗಿನ ಬೆವರನ್ನೂ ತಡೆಯುತ್ತೆ. ಗಂಟೆಗಟ್ಟಲೆ ನೆನೆದ ಕೊಂಬುಪದರ ಊದಿ ಬೆಳ್ಳಗಾಗಿ ಮೆತ್ತಗಾಗುತ್ತೆ, ಹುಳಿ ಕಮ್ಮಿಯಾಗುತ್ತೆ, ಪಕ್ಕದ ಬೆರಳು ಉಜ್ಜಿದರೆ ಕಿತ್ತುಬರುತ್ತೆ. ಆಮೇಲೆ ಕೆರಾಟಿನ್ ತಿಂದು ಬದುಕೋ ಶಿಲೀಂಧ್ರ ಒಳಸೇರುತ್ತೆ. ಇನ್ನೂ ನೆನೆದರೆ ಬ್ಯಾಕ್ಟೀರಿಯಾ. ಹಸಿರು ಛಾಯೆ, ಕೆಟ್ಟ ವಾಸನೆ, ಉರಿ ಇದ್ದರೆ ಅದು ಬರೀ ಶಿಲೀಂಧ್ರ ಅಲ್ಲ ಅಂತ ತಿಳೀರಿ. ಆಗ ಶಿಲೀಂಧ್ರದ ಮುಲಾಮು ಒಂದರಿಂದಲೇ ವಾಸಿಯಾಗೋಲ್ಲ.

ಇನ್ನೊಂದು ಬೇರೆಯದೇ ಇದೆ. ಅಂಗಾಲಿನ ಭಾರ ಬೀಳೋ ಜಾಗದಲ್ಲಿ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಣಿ, ಜೊತೆಗೆ ಬೂಟು ಬಿಚ್ಚಿದ ಕೂಡಲೇ ಮೂಗು ಮುಚ್ಚಿಕೊಳ್ಳೋ ವಾಸನೆ. ಇದು ಬ್ಯಾಕ್ಟೀರಿಯಾ ಕೊಂಬುಪದರವನ್ನ ಕೊರೆದದ್ದು. ತುರಿಕೆ ಇರೋದಿಲ್ಲ. ಹುಳುಕಡ್ಡಿ ಮುಲಾಮು ತಿಂಗಳುಗಟ್ಟಲೆ ಹಚ್ಚಿದರೂ ಇದಕ್ಕೆ ಉಪಯೋಗ ಕಮ್ಮಿ. ಕಾಲು ಒಣಗಿಸೋದು ಮತ್ತು ಹಚ್ಚೋ ಆಂಟಿಬಯಾಟಿಕ್ ಬೇಕು.

ಅಡಿಕೆ ಮನೆ, ಕೊಪ್ಪ

ಮಾರಾಯ್ರೆ, ನೀರಲ್ಲಿದ್ದಾಗ ಬೆರಳ ತುದಿ ಸುಕ್ಕಾಗ್ತದಲ್ಲ, ಅದೂ ಹೀಗೆ ನೀರು ಕುಡಿದು ಊದಿದ್ದೇ ಅಲ್ಲವಾ?

ಬಯಾಲಜಿ ಮೇಷ್ಟ್ರು, ಹಾಸನ

ಎಲ್ಲರೂ ಹಾಗೇ ಅಂದುಕೊಂಡಿರ್ತಾರೆ, ಆದ್ರೆ ಅಲ್ಲ. ಬೆರಳಿನ ನರ ಕತ್ತರಿಸಿಹೋಗಿದ್ದರೆ ಆ ಬೆರಳು ನೀರಲ್ಲಿ ಎಷ್ಟು ಹೊತ್ತಿಟ್ಟರೂ ಸುಕ್ಕಾಗೋಲ್ಲ. ನೀರು ತಾಗಿದಾಗ ನರ ಸಂದೇಶ ಕೊಟ್ಟು ತುದಿಯ ರಕ್ತನಾಳ ಕುಗ್ಗಿಸುತ್ತೆ, ಒಳಗಿನ ತಿರುಳು ತಗ್ಗಿ ಮೇಲಿನ ಚರ್ಮ ಮಡಿಕೆ ಬೀಳುತ್ತೆ. ಬೆರಳು ಹೊಲಿದ ಮೇಲೆ ನರ ಕೂಡಿದೆಯೋ ಇಲ್ಲವೋ ನೋಡೋಕೆ, ಅದರಲ್ಲೂ ಮಾತು ಬರದ ಮಕ್ಕಳಲ್ಲಿ, ಈ ಸುಕ್ಕು ಪರೀಕ್ಷೆ ಉಪಯೋಗಕ್ಕೆ ಬರುತ್ತೆ. ಬೆರಳ ಸಂದಿ ಬೇಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮೆಡಿಕಲ್ ಸ್ಟೋರ್, ಬೇಲೂರು

ರೈಟ್ರೇ, ಲೈನ್ ಮನೆಯಲ್ಲಿ ಓಡಾಡೋ ಆ ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ. "ಕ್ಲೋಬೆಟಸಾಲ್" ಅಥವಾ "ಬೀಟಾಮೆಥಸೋನ್" ಅಂತ ಇದ್ದು, ಅದರ ಜೊತೆ ಶಿಲೀಂಧ್ರದ್ದು, ಬ್ಯಾಕ್ಟೀರಿಯಾದ್ದು ಎಲ್ಲಾ ಸೇರಿಸಿದ್ದರೆ ಅದನ್ನ ಒಲೆಗೆ ಹಾಕಿ. ಆ ಎರಡು ಹೆಸರೂ ಸ್ಟೀರಾಯ್ಡ್. ಹಚ್ಚಿದ ಎರಡು ದಿನದಲ್ಲಿ ತುರಿಕೆ ಮಾಯ, ಕೆಂಪು ಮಾಯ. ಜನ ವಾಸಿ ಆಯ್ತು ಅಂತಾರೆ. ಆಗಿದ್ದಿಷ್ಟೇ: ಚರ್ಮದ ಕಾವಲುಗಾರನಿಗೆ ನಿದ್ದೆ ಬಂತು, ಶಿಲೀಂಧ್ರ ಆರಾಮಾಗಿ ಹರಡಿತು. ಬಿಟ್ಟ ವಾರಕ್ಕೆ ದುಪ್ಪಟ್ಟು. ಇಂಥ ಹಚ್ಚೋ ಸ್ಟೀರಾಯ್ಡ್‌ಗಳಲ್ಲಿ 14ನ್ನ 2018ರಲ್ಲಿ ಕೇಂದ್ರ ಸರ್ಕಾರ ಎಚ್ ಶೆಡ್ಯೂಲಿಗೆ ಸೇರಿಸಿದೆ, ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಆದ್ರೂ ಕೇಳ್ತಾರೆ, "ಆ ಹಳದಿ ಟ್ಯೂಬ್ ಕೊಡಿ" ಅಂತ.

ಹಚ್ಚೋ ಅಳತೆ ಯಾರೂ ಹೇಳೋಲ್ಲ, ಅದನ್ನೂ ಹೇಳಿಬಿಡ್ತೀನಿ. ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ತನಕ ಒಂದು ಗೆರೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ಬೆರಳೂ ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಒಂದು ಪಾದಕ್ಕೆ ಪೂರ್ತಿ ಅಂದ್ರೆ ಎರಡು ಗೆರೆ. ಶಿಲೀಂಧ್ರದ ಮುಲಾಮು ಕ್ಲೋಟ್ರಿಮಜೋಲ್ 1% ಆದ್ರೆ ದಿನಕ್ಕೆ ಎರಡು ಸಲ, ಕಾಣೋ ಅಂಚಿಗಿಂತ ಎರಡು ಬೆರಳಗಲ ಹೊರಗೆ ತನಕ, ಒಟ್ಟು ನಾಲ್ಕು ವಾರ. ತುರಿಕೆ ನಿಂತ ದಿನವೇ ನಿಲ್ಲಿಸೋದೇ ಎಲ್ಲರೂ ಮಾಡೋ ತಪ್ಪು.

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಇದಕ್ಕೊಂದು ಲೆಕ್ಕ ಸೇರಿಸ್ತೀನಿ, ಇದನ್ನ ನೋಡಿದ್ಮೇಲೆ ಒಂದೇ ಟ್ಯೂಬನ್ನ ಎಲ್ಲಾ ಕಡೆ ಹಚ್ಚೋಕೆ ಭಯ ಬರುತ್ತೆ. ಹೈಡ್ರೋಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಚರ್ಮದ ಮೂಲಕ ಎಷ್ಟು ಒಳಸೇರುತ್ತೆ ಅಂತ 1967ರಲ್ಲಿ ಅಳೆದಿದ್ದಾರೆ. ಮುಂಗೈಯಲ್ಲಿ ಸೇರಿದ್ದನ್ನ 1 ಅಂತ ಇಟ್ಟುಕೊಂಡರೆ ಅಂಗಾಲಿನಲ್ಲಿ 0.14, ಅಂಗೈಯಲ್ಲಿ 0.83, ಹಣೆಯಲ್ಲಿ 6, ದವಡೆಯಲ್ಲಿ 13, ವೃಷಣದ ಚೀಲದಲ್ಲಿ 42. ಅಂಗಾಲಿಗೂ ವೃಷಣಕ್ಕೂ ಮುನ್ನೂರು ಪಟ್ಟು ವ್ಯತ್ಯಾಸ! ಹಾಗಾಗಿ ಕಾಲಿಗೆ ತಂದಿಟ್ಟ ಗಡಸು ಮುಲಾಮನ್ನ ತೊಡೆಸಂದಿಯ ಹುಳುಕಡ್ಡಿಗೆ ಬಳಿದರೆ ಕೆಲವೇ ವಾರದಲ್ಲಿ ಚರ್ಮ ಸಿಗರೇಟು ಕಾಗದದ ಹಾಗೆ ತೆಳ್ಳಗಾಗಿ, ಬಸುರಿ ಹೊಟ್ಟೆ ಮೇಲಿರೋ ಥರದ ಪಟ್ಟೆ ಬೀಳುತ್ತೆ. ಒಳಚರ್ಮದ ಕೊಲ್ಲಾಜೆನ್ ಎಳೆ ಹರಿದದ್ದು ಅದು, ಪೂರ್ತಿ ವಾಪಸ್ ಬರೋದಿಲ್ಲ.

ಇದೇ ಲೆಕ್ಕ ಬೆಳೆಗೆ ಔಷಧಿ ಹೊಡೆಯೋರಿಗೂ. ಬೆನ್ನಿಗೆ ಕಟ್ಟಿದ ಕ್ಯಾನು ಸೋರಿ ಚಡ್ಡಿ ಒದ್ದೆಯಾದರೆ, ಕೈ ಒದ್ದೆಯಾದದ್ದಕ್ಕಿಂತ ಅದೇ ಅಪಾಯ. ಕೆಲಸ ಮುಗೀಲಿ ಅಂತ ಕಾಯದೆ ಅಲ್ಲೇ ಬಿಚ್ಚಿ ತೊಳೀಬೇಕು.

ಅಡಿಕೆ ಮನೆ, ಕೊಪ್ಪ

ಔಷಧಿ ಅಂದಿದ್ದಕ್ಕೆ ಕೇಳ್ತೇನೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತ ಸುಡ್ತದೆ ಅಂತಾರೆ. ಆದ್ರೆ ಬೊಬ್ಬೆ ಏಳೋದು ಸುಣ್ಣ ಅರಳಿಸೋನ ಕೈಗೆ, ಹೊಡೆಯೋನಿಗಲ್ಲ. ಏನಿದರ ಲೆಕ್ಕ?

ಬಯಾಲಜಿ ಮೇಷ್ಟ್ರು, ಹಾಸನ

ನೀವು ನೋಡಿದ್ದೇ ಸರಿ. ಶೇ 1ರ ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸರಿಯಾಗಿ ಬೆರೆತರೆ ತುತ್ತದ ಹುಳಿಯೂ ಸುಣ್ಣದ ಕ್ಷಾರವೂ ಒಂದನ್ನೊಂದು ತಿಂದುಹಾಕಿರುತ್ತವೆ. ಬೆರೆಸೋ ಮೊದಲು ಸುಣ್ಣದ ತಿಳಿಯ ಪಿಎಚ್ 12ರ ಮೇಲೆ, ಅರಳುವಾಗಿನ ಬಿಸಿ ಬೇರೆ. ಕ್ಷಾರ ಚರ್ಮದ ಗಾರೆಯಲ್ಲಿರೋ ಕೊಬ್ಬಿನಾಮ್ಲವನ್ನ ಅಲ್ಲೇ ಸಾಬೂನು ಮಾಡಿಬಿಡುತ್ತೆ. ಅದಕ್ಕೇ ಸುಣ್ಣ ತಾಗಿದ ಕೈ ಮೊದಲು ಜಾರುತ್ತೆ, ಆ ಜಾರಿಕೆ ನಿಮ್ಮದೇ ಚರ್ಮದ್ದು. ಆಮ್ಲ ಸುಟ್ಟಾಗ ಪ್ರೋಟೀನು ಹೆಪ್ಪುಗಟ್ಟಿ ಒಂದು ಮಟ್ಟಿಗೆ ತಡೆ ಆಗುತ್ತೆ. ಕ್ಷಾರ ಕರಗಿಸುತ್ತಾ ಒಳಕ್ಕೆ ಇಳೀತಾನೇ ಇರುತ್ತೆ, ತಕ್ಷಣ ನೋವೂ ಆಗೋಲ್ಲ. ಹಸಿ ಸಿಮೆಂಟಿನಲ್ಲಿ ಮಂಡಿಯೂರಿ ಕೆಲಸ ಮಾಡೋರಿಗೆ ರಾತ್ರಿ ಹುಣ್ಣು ಕಾಣೋದೂ ಇದರಿಂದಲೇ.

ಸಿಸ್ಟರ್, ಸಕಲೇಶಪುರ

ಸುಟ್ಟ ಮೇಲೆ ಮಾಡೋದು ಹೀಗೆ. ಪುಡಿ ಸುಣ್ಣ ಬಿದ್ದಿದ್ದರೆ ಮೊದಲು ಒಣಬಟ್ಟೆಯಲ್ಲಿ ಕೊಡವಿ. ನೀರು ಹುಯ್ದರೆ ಅಲ್ಲೇ ಅರಳಿ ಬಿಸಿಯಾಗುತ್ತೆ. ಆಮೇಲೆ ಹರಿಯೋ ನೀರಲ್ಲಿ ಕಮ್ಮಿ ಅಂದ್ರೆ 20–30 ನಿಮಿಷ. ನಿಂಬೆಹಣ್ಣು, ವಿನೆಗರ್ ಹಾಕಿ "ಸಮ" ಮಾಡೋಕೆ ಹೋಗಬೇಡಿ, ಅದರ ಬಿಸಿಯೂ ಸುಡುತ್ತೆ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ತೊಳೀತಾನೇ ಆಸ್ಪತ್ರೆಗೆ.

ಬೆಂಕಿ, ಬಿಸಿನೀರು ಸುಟ್ಟದ್ದಕ್ಕೆ ಹರಿಯೋ ತಣ್ಣೀರು 20 ನಿಮಿಷ, ಸುಟ್ಟು ಮೂರು ಗಂಟೆಯೊಳಗೆ ಆದ್ರೂ ಉಪಯೋಗ ಇದೆ. ಐಸು ಬೇಡ, ಟೂತ್‌ಪೇಸ್ಟ್, ಕಾಫಿಪುಡಿ, ಇಂಕು ಯಾವುದೂ ಬೇಡ. ಆಳ ಎಷ್ಟು ಅಂತ ಮನೆಯಲ್ಲೇ ಅಂದಾಜು: ಬರೀ ಕೆಂಪು, ಗುಳ್ಳೆ ಇಲ್ಲ ಅಂದ್ರೆ ಹೊರಚರ್ಮ ಮಾತ್ರ, ವಾರದಲ್ಲಿ ಕಲೆ ಇಲ್ಲದೆ ಹೋಗುತ್ತೆ. ಗುಳ್ಳೆ, ಒದ್ದೆ, ಮುಟ್ಟಿದರೆ ಪ್ರಾಣ ಹೋಗೋ ನೋವು ಅಂದ್ರೆ ಒಳಚರ್ಮದ ಮೇಲುಭಾಗ. ಬೆಳ್ಳಗೆ ಅಥವಾ ಚರ್ಮದ ಚಪ್ಪಲಿ ಹಾಗೆ ಗಟ್ಟಿಯಾಗಿ, ನೋವೇ ಇಲ್ಲ ಅಂದ್ರೆ ಅದು ಎಲ್ಲಕ್ಕಿಂತ ಕೆಟ್ಟದ್ದು, ನೋವಿನ ನರವೇ ಸುಟ್ಟಿದೆ. ಸುಟ್ಟವರ ಅಂಗೈ ಬೆರಳು ಸೇರಿ ಅವರ ಮೈಯ ನೂರರಲ್ಲಿ ಒಂದು ಪಾಲು. ಫೋನಲ್ಲಿ ಆಸ್ಪತ್ರೆಗೆ ಹೇಳುವಾಗ ಎಷ್ಟು ಅಂಗೈ ಅಂತ ಎಣಿಸಿ ಹೇಳಿದರೆ ಅವರಿಗೆ ತಯಾರಿ ಮಾಡಿಕೊಳ್ಳೋಕೆ ಸಲೀಸು.

ತೋಟದ ರೈಟ್ರು, ಮೂಡಿಗೆರೆ

ವಿಷಯ ಕಾಲಿನಿಂದ ಕೈಗೆ ಹತ್ತಿತು. ಪರವಾಗಿಲ್ಲ, ಉಪಯೋಗದ್ದೇ. ಆದ್ರೆ ಈಗ ಮಳೆ ಸುರೀತಿದೆ, ಬೆಂದ ಸಂದಿಗೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅದನ್ನ ಹೇಳಿ.

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಒಣಗಿಸೋದೇ ಅರ್ಧ ಮದ್ದು. ಕೆಲಸ ಬಿಟ್ಟು ಬಂದ ಕೂಡಲೇ ಬೂಟು ಬಿಚ್ಚಿ, ಕಾಲು ತೊಳೆದು, ಹಳೇ ಹತ್ತಿಬಟ್ಟೆಯ ಅಂಚನ್ನ ಪ್ರತಿ ಸಂದಿಯಲ್ಲೂ ಇಟ್ಟು ನೀರು ಹೀರಿಸಬೇಕು. ಉಜ್ಜಬಾರದು, ಮೆತ್ತಗಾದ ಪದರ ಕಿತ್ತುಬರುತ್ತೆ, ಒತ್ತಿ ತೆಗೀಬೇಕು. ಆಮೇಲೆ ಒಂದಿಷ್ಟು ಹೊತ್ತು ಗಾಳಿಗೆ ಬಿಟ್ಟು, ಸಂದಿಗೆ ಹತ್ತಿಯ ಸಣ್ಣ ಎಳೆ ಇಟ್ಟು ಮಲಗಿ.

ನೀರು ಸೋರುತ್ತಿದ್ದರೆ ಮುಲಾಮು ನಿಲ್ಲೋದಿಲ್ಲ, ಜಾರಿ ಹೋಗುತ್ತೆ. ಆಗ ಪೊಟ್ಯಾಶಿಯಂ ಪರ್ಮಾಂಗನೇಟ್ ನೀರು: 400 ಮಿ.ಗ್ರಾಂ. ಮಾತ್ರೆ ಒಂದಕ್ಕೆ 4 ಲೀಟರ್ ಉಗುರುಬೆಚ್ಚಗಿನ ನೀರು, ಬಣ್ಣ ತಿಳಿ ಗುಲಾಬಿ ಇರಬೇಕು, ಜಂಬುನೇರಳೆ ಆದ್ರೆ ಹೆಚ್ಚಾಯ್ತು. ದಿನಕ್ಕೆ ಒಂದು ಸಲ 10–15 ನಿಮಿಷ, ಸೋರೋದು ನಿಲ್ಲೋ ತನಕ, ಸಾಮಾನ್ಯವಾಗಿ ಮೂರ್ನಾಲ್ಕು ದಿನ. ಹರಳು ಕರಗದೆ ಉಳಿದಿದ್ದರೆ ಆ ಚುಕ್ಕೆಯಲ್ಲೇ ಚರ್ಮ ಸುಡುತ್ತೆ; ಪೂರ್ತಿ ಕರಗಿದ ಮೇಲೆ ಕಾಲಿಡಿ. ಉಗುರು ಕಂದಾಗುತ್ತೆ, ಬೆಳೆದು ಹೋಗುತ್ತೆ. ಒಣಗಿದ ಮೇಲೆ ಕ್ಲೋಟ್ರಿಮಜೋಲ್, ಬೇಲೂರಿನವರು ಹೇಳಿದ ಹಾಗೆ. ಶಿಲೀಂಧ್ರಕ್ಕೇ ಹಚ್ಚೋ ವಿಟ್‌ಫೀಲ್ಡ್ ಮುಲಾಮು ಅಗ್ಗ, ಒಳ್ಳೇದೇ, ಆದ್ರೆ ಅದರಲ್ಲಿ ಬೆಂಜಾಯಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲ ಇದೆ. ಹಸಿ ಗಾಯಕ್ಕೆ ಹಚ್ಚಿದವನು ಇನ್ನೊಮ್ಮೆ ಹಚ್ಚೋಲ್ಲ.

ಬೂಟಿನದ್ದು: ಎರಡು ಜೊತೆ ಇದ್ದು ದಿನ ಬಿಟ್ಟು ದಿನ ಬದಲಿಸೋದು ಯಾವ ಪೌಡರಿಗಿಂತಲೂ ಮೇಲು. ಒಂದೇ ಜೊತೆ ಅಂದ್ರೆ ರಾತ್ರಿ ಒಳಗೆ ಹಳೇ ಪೇಪರ್ ಮುದ್ದೆ ತುರುಕಿ, ಒಂದೆರಡು ಗಂಟೆ ಬಿಟ್ಟು ಆ ಪೇಪರ್ ತೆಗೆದು ಒಣ ಪೇಪರ್ ಹಾಕಿ. ಒಲೆಗೆ ತೀರ ಹತ್ತಿರ ಇಟ್ಟರೆ ರಬ್ಬರ್ ಬಿರಿಯುತ್ತೆ. ಸಾಕ್ಸು ಮಧ್ಯಾಹ್ನ ಊಟದ ಹೊತ್ತಿಗೆ ಬದಲಿಸಲಿ. ಒದ್ದೆ ಸಾಕ್ಸಿಗಿಂತ ಸಾಕ್ಸಿಲ್ಲದಿರೋದು ವಾಸಿ ಅಂತ ಕೆಲವರು ಬರಿಗಾಲನ್ನ ಬೂಟಿಗೆ ಹಾಕ್ತಾರೆ. ರಬ್ಬರ್ ಉಜ್ಜಿ ಇನ್ನೂ ಕಿತ್ತುಬರುತ್ತೆ.

ಕಾಲು ಊದಿ, ಕೆಂಪು ಮೇಲೇರುತ್ತಾ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಬೆರಳ ಸಂದಿಯ ಆ ಸಣ್ಣ ಬಿರುಕೇ ಬಾಗಿಲು, ಎಷ್ಟೋ ಸಲ ಊದಿದ ಕಾಲು ತೋರಿಸ್ತಾರೆ, ಸಂದಿ ತೋರಿಸೋಲ್ಲ.

ಅಡಿಕೆ ಮನೆ, ಕೊಪ್ಪ

ಇಂಬಳ (ಜಿಗಣೆ) ಕಚ್ಚಿದ ಗಾಯವೂ ಹಾಗೇ ಬಾಗಿಲಾಗ್ತದಾ? ಇಲ್ಲಿ ಸುಣ್ಣ ತಾಗಿಸಿ ಬಿಡಿಸ್ತಾರೆ.

ಸಿಸ್ಟರ್, ಸಕಲೇಶಪುರ

ಈಗಷ್ಟೇ ಸುಣ್ಣದ ಕಥೆ ಆಯ್ತಲ್ಲ ಅಣ್ಣಾ! ಸುಣ್ಣ, ಉಪ್ಪು, ಹೊಗೆಸೊಪ್ಪು ತಾಗಿಸಿದರೆ ಬಿಡುತ್ತೆ ನಿಜ, ಬಿಡುವಾಗ ಹೊಟ್ಟೆಯಲ್ಲಿದ್ದದ್ದನ್ನ ಗಾಯಕ್ಕೇ ಕಕ್ಕಬಹುದು. ಸಪೂರ ತುದಿ ಬಾಯಿ ಇರೋ ಕಡೆ. ಆ ತುದಿಯ ಪಕ್ಕ ಚರ್ಮವನ್ನ ಎಳೆದು ಹಿಡಿದು ಉಗುರನ್ನ ಅಡಿಗೆ ಜಾರಿಸಿ, ಆಮೇಲೆ ದಪ್ಪ ತುದಿ. ಅದರ ಜೊಲ್ಲಿನಲ್ಲಿರೋ ಪದಾರ್ಥ ರಕ್ತ ಹೆಪ್ಪುಗಟ್ಟೋಕೆ ಬಿಡೋಲ್ಲ, ಹಾಗಾಗಿ ಗಂಟೆಗಟ್ಟಲೆ ಒಸರಿದರೆ ಗಾಬರಿ ಬೇಡ. ಸೋಪುನೀರಲ್ಲಿ ತೊಳೆದು, 10–15 ನಿಮಿಷ ನಡುವೆ ತೆಗೆದು ನೋಡದೆ ಒತ್ತಿ ಹಿಡೀರಿ. ಬಾಗಿಲಾಗೋದು ಕಚ್ಚಿದ್ದಕ್ಕಿಂತ ಹೆಚ್ಚಾಗಿ ಆಮೇಲೆ ವಾರಗಟ್ಟಲೆ ಕೆರೆದುಕೊಳ್ಳೋದರಿಂದ.

ತೆಂಗಿನ ತೋಟ, ಅರಸೀಕೆರೆ

ಮಲೆನಾಡಿನೋರದ್ದೇ ಆಯ್ತು, ಬಯಲುಸೀಮೆಗೂ ಸ್ವಲ್ಪ ಬನ್ನಿ. ಅರಸೀಕೆರೆ, ಕಡೂರು ಕಡೆ ಕಾಂಗ್ರೆಸ್ ಗಿಡ ಕಿತ್ತ ಮೇಲೆ ಮುಖ, ಕಣ್ಣಿನ ರೆಪ್ಪೆ, ಕತ್ತು ದಪ್ಪಗಾಗಿ ಕಡಿಯುತ್ತೆ. ಗಿಡ ಮುಟ್ಟಿದ್ದು ಕೈ, ಕಡಿತ ಮುಖಕ್ಕೆ ಯಾಕೆ?

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಅಂಗೈಯ ದಪ್ಪ ಕೊಂಬುಪದರ ತಡೆಯುತ್ತೆ, ರೆಪ್ಪೆಯ ಕೂದಲೆಳೆಯಷ್ಟು ಚರ್ಮ ತಡೆಯೋಲ್ಲ. ಮೇಷ್ಟ್ರು ಕೊಟ್ಟ 0.05 ಮತ್ತು 1.5 ನೆನಪಿಸಿಕೊಳ್ಳಿ. ಕಾಂಗ್ರೆಸ್ ಗಿಡದ, ಅಂದ್ರೆ ಪಾರ್ಥೇನಿಯಂನ, ಪಾರ್ಥೆನಿನ್ ಅನ್ನೋ ಪದಾರ್ಥ ಎಲೆ-ಹೂವಿನ ಪುಡಿಯಾಗಿ ಗಾಳಿಯಲ್ಲೂ ಬರುತ್ತೆ, ಹಾಗಾಗಿ ಗಿಡ ಮುಟ್ಟದವರಿಗೂ ಆಗುತ್ತೆ. ಹೊರಚರ್ಮದಲ್ಲಿ ಲ್ಯಾಂಗರ್‌ಹಾನ್ಸ್ ಕೋಶ ಅಂತ ಕಾವಲು ಕೋಶಗಳಿವೆ. ಅವು ಈ ಪದಾರ್ಥವನ್ನ ಹಿಡಿದು ದುಗ್ಧಗ್ರಂಥಿಗೆ ಒಯ್ದು ಬಿಳಿರಕ್ತಕಣಗಳಿಗೆ ಗುರುತು ಹಿಡಿಸುತ್ತವೆ. ಗುರುತು ಒಮ್ಮೆ ಕೂತರೆ ಮುಂದಿನ ಸಲ ಒಂದೆರಡು ದಿನದೊಳಗೆ ಎಸ್ಜಿಮಾ. "ಇಷ್ಟು ವರ್ಷ ಕಿತ್ತಿದೀನಿ ಏನೂ ಆಗಿಲ್ಲ" ಅನ್ನೋ ವಾದ ಇಲ್ಲಿ ನಡೆಯೋಲ್ಲ, ಅಲರ್ಜಿ ಯಾವ ವಯಸ್ಸಲ್ಲಾದ್ರೂ ಹುಟ್ಟುತ್ತೆ.

ಹೂ ಬಿಡೋ ಮೊದಲು, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಕೀಳಿ. ತುಂಬುತೋಳು, ಕೈಗವಸು, ಮೂಗುಬಾಯಿಗೆ ಬಟ್ಟೆ. ಬಂದ ಕೂಡಲೇ ಸ್ನಾನ, ಆ ಬಟ್ಟೆ ಬೇರೆ ಒಗೆಯೋದು. ಒಣಗಿದ್ದನ್ನ ಅಲರ್ಜಿ ಇರೋರು ಗುಡ್ಡೆ ಹಾಕೋದು ಸುಡೋದು ಎರಡೂ ಬೇಡ.

ಬಯಾಲಜಿ ಮೇಷ್ಟ್ರು, ಹಾಸನ

ಸಣ್ಣ ಅಡ್ಡಮಾತು: ಗಿಡ ಮೆಕ್ಸಿಕೋ ಕಡೆಯದು, ಅದನ್ನ ತಿನ್ನೋ ಜೈಗೋಗ್ರಾಮ ದುಂಬಿಯನ್ನೂ ಮೆಕ್ಸಿಕೋದಿಂದಲೇ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ಜಾಲರಿ ಆಗಿರೋದು ಕಂಡರೆ ಅದರ ಮೇಲೆ ಔಷಧಿ ಹೊಡೀಬೇಡಿ.

ತೆಂಗಿನ ತೋಟ, ಅರಸೀಕೆರೆ

ಚಪ್ಪಲಿ ಪಟ್ಟಿ ಕೂರೋ ಜಾಗದಲ್ಲೇ ಸರಿಯಾಗಿ ಪಟ್ಟಿ ಆಕಾರಕ್ಕೆ ಬಿಳಿಯಾಗೋದು ತೊನ್ನಾ?

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಆಕಾರವೇ ಸುಳಿವು. ಕೆಲವು ರಬ್ಬರಿನಲ್ಲಿ, ಅಂಟು ಬಿಂದಿಯ ಗೋಂದಿನಲ್ಲಿ ಇರೋ ಫೀನಾಲ್ ಜಾತಿಯ ರಾಸಾಯನಿಕಗಳು ಬಣ್ಣ ತಯಾರಿಸೋ ಮೆಲನೋಸೈಟನ್ನೇ ಕೊಲ್ಲುತ್ತವೆ. ಕರಿಯರಿಗೂ ಬಿಳಿಯರಿಗೂ ಈ ಕೋಶಗಳ ಎಣಿಕೆ ಹೆಚ್ಚುಕಮ್ಮಿ ಒಂದೇ, ಬೇರೆಯಾಗೋದು ಅವು ಹಂಚೋ ಬಣ್ಣದ ಕಾಳಿನ ಗಾತ್ರ, ಬಗೆ. ಕೋಶವೇ ಸತ್ತರೆ ಹಂಚೋರೇ ಇಲ್ಲ. ಚಪ್ಪಲಿ ಬದಲಿಸಿ, ಬೇಗ ಬಿಟ್ಟರೆ ಕೂದಲ ಬುಡದಲ್ಲಿ ಉಳಿದ ಕೋಶಗಳಿಂದ ಚುಕ್ಕೆ ಚುಕ್ಕೆಯಾಗಿ ಬಣ್ಣ ಮರಳಬಹುದು. ತಡ ಮಾಡಿದರೆ ನಿಜವಾದ ತೊನ್ನಿನ ಹಾಗೇ ಬೇರೆಡೆಗೂ ಹರಡಬಹುದು, ಹಾಗಾಗಿ ತೋರಿಸಿ.

ಮತ್ತೆ, ದಿನಾ ಬಚ್ಚಲೊಲೆ ಮುಂದೆ ಕೂತು ಕಾಲು ಕಾಸೋ ಹಿರಿಯರ ಮೊಣಕಾಲ ಕೆಳಗೆ ಬಲೆ ಹೆಣೆದ ಹಾಗೆ ಕಂದು ಗೆರೆ ಇದ್ದರೆ ಅದು ನಂಜಲ್ಲ, ಬೆಂಕಿಯ ಕಾವು ಬರೆದದ್ದು. ಒಲೆಯಿಂದ ದೂರ ಕೂತರೆ ತಿಂಗಳುಗಳಲ್ಲಿ ಮಾಸುತ್ತೆ. ಎಷ್ಟೋ ವರ್ಷದ ಬಲೆಯಲ್ಲಿ ಮಾಯದ ಹುಣ್ಣು ಎದ್ದರೆ ಮಾತ್ರ ಸುಮ್ಮನಿರಬಾರದು, ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುತ್ತೆ.

ಸಿಸ್ಟರ್, ಸಕಲೇಶಪುರ

ಹಿಮ್ಮಡಿಗೆ ವಾಪಸ್ ಬರೋ ಮೊದಲು ಒಂದು ಎಚ್ಚರಿಕೆ. ಆಳವಾಗಿ ಬಿರಿದಿದೆ, ರಕ್ತ ಇದೆ, ಆದ್ರೆ ನೋವಿಲ್ಲ ಅಂದ್ರೆ ಖುಷಿ ಪಡೋ ವಿಷಯ ಅಲ್ಲ. ಸಕ್ಕರೆ ಕಾಯಿಲೆಯಲ್ಲೂ ಕುಷ್ಠದಲ್ಲೂ ಕಾಲಿಗೆ ಸ್ಪರ್ಶ, ನೋವು ತಿಳಿಯದೆ ಹೋಗಬಹುದು. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗೋ ನೈಲಾನ್ ಎಳೆಯಲ್ಲಿ ಅಂಗಾಲು ಮುಟ್ಟಿ ನೋಡ್ತಾರೆ, ಎರಡು ನಿಮಿಷದ ಕೆಲಸ. ಸ್ಪರ್ಶ ಇಲ್ಲದ ಕಾಲಿಗೆ ಬಿಸಿನೀರು, ಕಾಲುಜ್ಜೋ ಕಲ್ಲು, ಆಣಿಯ ಪಟ್ಟಿ ಮೂರೂ ಬೇಡ. ನೀರಿನ ಬಿಸಿ ನೋಡಬೇಕಾದ್ದು ಮೊಣಕೈಯಲ್ಲಿ. ಕುಷ್ಠಕ್ಕೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಪುಕ್ಕಟೆ, ರೋಗದ ಬಗೆ ನೋಡಿ 6 ಅಥವಾ 12 ತಿಂಗಳು.

ಮೆಡಿಕಲ್ ಸ್ಟೋರ್, ಬೇಲೂರು

ಹಿಮ್ಮಡಿಗೆ ಕೊಳ್ಳೋದರಲ್ಲಿ ದುಬಾರಿ ಡಬ್ಬಿಗಿಂತ ಪದಾರ್ಥ ನೋಡಿ. ಯೂರಿಯಾ ಶೇ 10ರ ತನಕ ನೀರು ಹಿಡಿದಿಡುತ್ತೆ. ಶೇ 20 ದಾಟಿದರೆ ದಪ್ಪ ಪದರವನ್ನ ಕರಗಿಸೋಕೂ ಶುರು ಮಾಡುತ್ತೆ. ಗಟ್ಟಿ ಹಿಮ್ಮಡಿಗೆ 20–25 ಸರಿ. ರಕ್ತ ಬರೋ ಸೀಳಿಗೆ ನೇರ ಹಚ್ಚಿದರೆ ಉರಿ, ಅಲ್ಲಿಗೆ ಬರೀ ಪೆಟ್ರೋಲಿಯಂ ಜೆಲ್ಲಿ. ಸ್ಯಾಲಿಸಿಲಿಕ್ ಶೇ 6 ಕೂಡ ಪದರ ಸುಲಿಯುತ್ತೆ, ಸಕ್ಕರೆ ಕಾಯಿಲೆಯೋರಿಗೆ ಕೊಡೋಲ್ಲ.

ತೆಂಗಿನ ತೋಟ, ಅರಸೀಕೆರೆ

ಮನೆ ಕೊಬ್ಬರಿ ಎಣ್ಣೆ ಇರುವಾಗ ಜೆಲ್ಲಿ ಯಾಕ್ರೀ?

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಕೊಬ್ಬರಿ ಎಣ್ಣೆ ಮೈಕೈ ಒಣಗಿದ್ದಕ್ಕೆ ಚೆನ್ನಾಗೇ ಕೆಲಸ ಮಾಡುತ್ತೆ. ಹಿಮ್ಮಡಿಗೆ ಅದು ತೆಳು, ಹಾಸಿಗೆ ಬಟ್ಟೆ ಕುಡಿದುಬಿಡುತ್ತೆ. ಜೇನುಮೇಣ ಕರಗಿಸಿ ಎಣ್ಣೆಗೆ ಸೇರಿಸೋ ಹಳೇ ಪದ್ಧತಿ ಇದೆಯಲ್ಲ, ಅದು ಲೆಕ್ಕಾಚಾರದಲ್ಲಿ ಸರಿಯಾದದ್ದೇ, ಮೇಣ ಆವಿ ತಡೆಯುತ್ತೆ. ಆದ್ರೆ ಎಣ್ಣೆ, ಮೇಣ, ಜೆಲ್ಲಿ ಯಾವುದರಲ್ಲೂ ನೀರಿಲ್ಲ! ಒಣ ಹಿಮ್ಮಡಿಗೆ ಹಾಗೇ ಮೆತ್ತಿದರೆ ನೆನೆಸಿ ಹಚ್ಚಿದಷ್ಟು ಉಪಯೋಗ ಇಲ್ಲ. ಮೊದಲು ಉಗುರುಬೆಚ್ಚಗಿನ ನೀರಲ್ಲಿ 10–15 ನಿಮಿಷ ನೆನೆಸಿ, ಕಲ್ಲಿನಲ್ಲಿ ಹಗುರವಾಗಿ ಉಜ್ಜಿ, ಒರೆಸಿದ ಎರಡು ಮೂರು ನಿಮಿಷದೊಳಗೆ ಯೂರಿಯಾ, ಅದರ ಮೇಲೆ ಜೆಲ್ಲಿ, ಹತ್ತಿ ಸಾಕ್ಸು ಹಾಕಿ ಮಲಗೋದು. ಬ್ಲೇಡಿನಲ್ಲಿ ಹೆರೆಯೋದು ಬೇಡ. ಅಂಚು ತೀರ ಗಟ್ಟಿ ಇದ್ದು ಸೀಳು ಕೂಡಿಕೊಳ್ಳದಿದ್ದರೆ ನಾವೇ ಹೆರೆದು ಕೊಡ್ತೀವಿ. ಹಗಲು ಹಿಂಭಾಗ ಮುಚ್ಚಿದ ಚಪ್ಪಲಿ.

ತೋಟದ ರೈಟ್ರು, ಮೂಡಿಗೆರೆ

ಒಳ್ಳೇದಾಯ್ತು. ಹಾಗಾದ್ರೆ ಕುಯ್ಲಿಗೆ ಜನ ಬಂದ ದಿನವೇ ಒಂದೊಂದು ಡಬ್ಬಿ ಜೆಲ್ಲಿ ಹಂಚಿಬಿಡ್ತೀನಿ. ಉಳಿದದ್ದನ್ನ ಮಳೆಗಾಲಕ್ಕೆ ಬೆರಳ ಸಂದಿಗೂ ಹಚ್ಚಿಕೊಳ್ಳಲಿ.

ಚರ್ಮದ ಡಾಕ್ಟ್ರು, ಚಿಕ್ಕಮಗಳೂರು

ಅಯ್ಯೋ, ರೈಟ್ರೇ! ಸಂದಿಗೆ ಜೆಲ್ಲಿ ಬೇಡವೇ ಬೇಡ. ಒಳಗಿರೋ ನೀರನ್ನ ಅಲ್ಲೇ ಕಟ್ಟಿಹಾಕಿದ ಹಾಗಾಗುತ್ತೆ, ಬೆಂದದ್ದು ಇನ್ನೂ ಬೇಯುತ್ತೆ. ಡಬ್ಬಿ ಮೇಲೆ "ಹಿಮ್ಮಡಿಗೆ ಮಾತ್ರ" ಅಂತ ಪೆನ್ನಲ್ಲಿ ಬರೆದೇ ಕೊಡಿ.

ಕುಯ್ಲಿನ ಮೊದಲ ದಿನ ಹಂಚಿದರೂ ತಡ. ತಳದಲ್ಲಿ ಹುಟ್ಟಿದ ಕೋಶ ಮೇಲೆ ಬರೋಕೆ ನಾಲ್ಕು ವಾರ ಅಂತ ಮೇಷ್ಟ್ರು ಹೇಳಿದಾರಲ್ಲ. ಜನವರಿಯಲ್ಲಿ ಬಿರಿಯೋ ಹಿಮ್ಮಡಿಯ ಮೇಲ್ಪದರ ಡಿಸೆಂಬರಿನಲ್ಲೇ ಕಟ್ಟಿರುತ್ತೆ. ದೀಪಾವಳಿಯ ಎಣ್ಣೆಸ್ನಾನದ ರಾತ್ರಿಯಿಂದ ಶುರು ಮಾಡಿಸಿ.

ತೋಟದ ರೈಟ್ರು, ಮೂಡಿಗೆರೆ

ಬರೆದುಕೊಂಡೆ ಮೇಡಂ. ಡಬ್ಬಿ ದೀಪಾವಳಿಗೆ, ಈಗ ಹಳೇ ಪೇಪರ್ ಕಟ್ಟು.